ಮೋಟರ್ ಮನೆಯ ಮಿಸ್ಸು

ಜ್ಯೋತಿಲಕ್ಷ್ಮಿ ಮಗ ಉಜ್ವಲನನ್ನು ಕಾನ್ವೆಂಟಿಗೆ ಸೇರಿಸಿದ ವರ್ಷ ಅರಳಗುಪ್ಪೆಯಲ್ಲಿ ಅವಳ ಮಾತು ಕೇಳದೆ ಉಳಿದವರೆಂದರೆ ಕಿವುಡರು ಮಾತ್ರ. ನಲ್ಲಿಯ ಹತ್ತಿರ, ಡೇರಿಯ ಮುಂದೆ, ಸಂಘದ ಮೀಟಿಂಗಿನಲ್ಲಿ, ಎಲ್ಲಿ ನಿಂತರೂ ಉಜ್ವಲನ ಟೈ, ಉಜ್ವಲನ ವ್ಯಾನು, ಉಜ್ವಲನ ಇಂಗ್ಲಿಷು. ಪಕ್ಕದ ತೋಟದ ಮರುಳಪ್ಪ ಒಂದು ಸಲ, "ನಮ್ ಮೊಮ್ಮಕ್ಳು ಗೌರ್ಮೆಂಟ್ ಸ್ಕೂಲ್ನಾಗೇ ಓದ್ತಾವೆ ಕಣವ್ವ, ಚೆನ್ನಾಗೇ ಓದ್ತಾವೆ" ಎಂದಿದ್ದಕ್ಕೆ, "ಓದ್ಲಿ ಬುಡಿ ಮಾವ, ಎಲ್ರೂ ಒಂದೇ ತರ ಓದಕ್ಕಾಯ್ತದಾ" ಎಂದು ನಕ್ಕಿದ್ದಳು. ಮುದುಕ ಬೇಜಾರು ಮಾಡಿಕೊಳ್ಳಲಿಲ್ಲ. ತಾನೂ ನಕ್ಕು ಎಮ್ಮೆ ಹೊಡೆದುಕೊಂಡು ಹೋದ.

ಹುಡುಗ ಎರಡನೇ ಕ್ಲಾಸಿನಲ್ಲಿದ್ದಾಗ, ದಸರಾ ರಜೆ ಮುಗಿದ ವಾರ, ಮಿಸ್ಸು ಇವಳನ್ನು ಕರೆಸಿದರು. ಅಕ್ಷರ ಗೊತ್ತು, ಕೂಡಿಸಿ ಓದಲು ಬರುತ್ತಿಲ್ಲ, ಒಂದನೇ ಕ್ಲಾಸಿಗೆ ಹಿಂದಕ್ಕೆ ಕೂರಿಸೋಣ ಎಂದರು. ಮಾತು ಮೆತ್ತಗೇ ಇತ್ತು. ಆದರೆ ಬೆಂಚಿನ ಮೇಲೆ ಇನ್ನೂ ನಾಲ್ಕು ಜನ ತಾಯಂದಿರು ಕೂತಿದ್ದರು. ಅವರು ತಲೆ ತಗ್ಗಿಸಿ ಮೊಬೈಲು ನೋಡಿದ ರೀತಿಗೇ ಜ್ಯೋತಿಲಕ್ಷ್ಮಿಯ ಕಿವಿ ಕೆಂಪಗಾಯಿತು. "ಹಿಂದಕ್ಕೆ ಕೂರ್ಸೋದಾದ್ರೆ ಬ್ಯಾಡ ಕಣ್ರೀ. ನಾನೂ ಪಿಯುಸಿ ಓದಿದೀನಿ, ಮನೇಲೇ ಹೇಳ್ಕೊಡ್ತೀನಿ" ಎಂದು ಬ್ಯಾಗು ಎತ್ತಿಕೊಂಡು ಬಂದೇಬಿಟ್ಟಳು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೆ.

ಗಂಡ ಮೋಹನ್ ಲಗೇಜ್ ಆಟೋದಲ್ಲಿ ತಿಪಟೂರಿಗೆ ಕೊಬ್ಬರಿ ಸಾಗಿಸುವವನು, ಮಾತು ಕಡಿಮೆ. "ಹೇಳ್ಕೊಡು, ಬ್ಯಾಡ ಅಂದೋರ್ಯಾರು. ಊರಿಗೇನ್ ಹೇಳ್ತೀಯ?" ಎಂದು ಮಾತ್ರ ಕೇಳಿದ.

ಅವಳ ಎದೆಯೊಳಗೆ ಕೂತಿದ್ದೂ ಅದೇ ಪ್ರಶ್ನೆ. ಜೂನ್ ತಿಂಗಳೊಳಗೆ ಓದು ಕಲಿಸಿ ನೇರವಾಗಿ ಮೂರನೇ ಕ್ಲಾಸಿಗೆ ಸೇರಿಸಿಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಅಲ್ಲಿಯ ತನಕ ಹುಡುಗ ಸ್ಕೂಲಿಗೆ ಹೊರಡುವುದನ್ನು ಊರು ನೋಡುತ್ತಲೇ ಇರಲಿ ಎಂದುಕೊಂಡಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಮರುದಿನದಿಂದ ಶುರುವಾಯಿತು. ಎಂಟು ಗಂಟೆಗೆ ಉಜ್ವಲ ಯೂನಿಫಾರ್ಮು, ಟೈ, ಶೂ, ಊಟದ ಡಬ್ಬಿ ಸಮೇತ ಮುಂಬಾಗಿಲಿನಿಂದ ಹೊರಡುತ್ತಿದ್ದ. ಹಿಂದೆಯೇ ಅವಳು. ವ್ಯಾನು ನಿಲ್ಲುತ್ತಿದ್ದದ್ದು ಕೆರೆ ಏರಿಯ ತಿರುವಿನಲ್ಲಿ. ಮನೆಗಳ ಕಣ್ಣು ಅಲ್ಲಿಗೆ ಹಾಯುವುದಿಲ್ಲ. ತಿರುವು ದಾಟಿದ ಕೂಡಲೇ ಇಬ್ಬರೂ ಏರಿಯಿಂದ ಕೆಳಗಿಳಿದು, ಬೇಲಿ ಸಂದಿಯಲ್ಲಿ ನುಸುಳಿ, ತಮ್ಮ ತೆಂಗಿನ ತೋಟದ ಮೋಟರ್ ಮನೆ ಸೇರುತ್ತಿದ್ದರು. ನಾಲ್ಕು ಗಂಟೆಗೆ ಅದೇ ದಾರಿಯಲ್ಲಿ ವಾಪಸ್ಸು. ಎದುರಿಗೆ ಸಿಕ್ಕವರು "ಸ್ಕೂಲ್ ಬುಡ್ತೇನ್ಲಾ?" ಎಂದರೆ ಹುಡುಗ ತಲೆಯಾಡಿಸಬೇಕು.

ಎಂಟಡಿಗೆ ಎಂಟಡಿಯ ಕೋಣೆ. ಗ್ರೀಸಿನ ವಾಸನೆ. ಸ್ಟಾರ್ಟರ್ ಡಬ್ಬಿಯ ಪಕ್ಕ ಸ್ಕೆಚ್ ಪೆನ್ನಿನಲ್ಲಿ ಬರೆದ ಟೈಂಟೇಬಲ್ಲು, ದಿನಕ್ಕೆ ಆರು ಪೀರಿಯಡ್ಡು. ಇರುವ ಒಬ್ಬನಿಗೇ ಹಾಜರಿ ಕೂಗುತ್ತಿದ್ದಳು. ಅವನು ಎದ್ದು ನಿಂತು "ಪ್ರೆಸೆಂಟ್ ಮಿಸ್" ಎನ್ನಬೇಕು. ಅಲ್ಲಿ ಅಮ್ಮ ಎನ್ನುವಂತಿರಲಿಲ್ಲ. ಪಾಠ ಹೇಳುವುದೆಂದರೆ ತನಗೆ ಹೇಗೆ ಹೇಳಿದ್ದರೋ ಹಾಗೆ, ಹತ್ತು ಸಲ ಬರೆ, ಇಪ್ಪತ್ತು ಸಲ ಬರೆ. ತಪ್ಪಿದರೆ ಬೆರಳ ಗೆಣ್ಣಿನ ಮೇಲೆ ಗರಿಕಡ್ಡಿ. ನಡುವೆ ತ್ರೀಫೇಸ್ ಕರೆಂಟು ಬಂದರೆ ಮೋಟರ್ ಹಾಕಲೇಬೇಕು. ಆ ಸದ್ದಿನ ಮೇಲೆ ಅವಳು ಕಿರುಚಬೇಕು, ಅವನು ಕಿರುಚಿ ಓದಬೇಕು. ಒಂದು ದಿನ ಹುಡುಗ ಸ್ಟಾರ್ಟರ್ ಡಬ್ಬಿಯ ಮೇಲಿನ ಅಪಾಯ ಎಂಬ ಪದವನ್ನು ತಾನೇ ಕೂಡಿಸಿ ಓದಿ ಇವಳ ಮುಖ ನೋಡಿದ. "ಅದು ಸಿಲಬಸ್ನಾಗಿಲ್ಲ, ಪುಸ್ತಕ ನೋಡು" ಎಂದಳು. ಆಮೇಲೆ ಎಷ್ಟೋ ಸಲ ನೆನೆದು ತಲೆ ಚಚ್ಚಿಕೊಂಡ ಮಾತು ಅದು.

ಇನ್ನೊಂದು ಕಟ್ಟುನಿಟ್ಟು ಇತ್ತು. ತೋಟಕ್ಕೆ ಯಾರೇ ಬಂದ ಸದ್ದಾದರೂ ಉಜ್ವಲ ಪುಸ್ತಕ ಬಿಟ್ಟು ಓಡಿ ಸುಲಿದ ಕಾಯಿಮಟ್ಟೆಯ ರಾಶಿಯ ಹಿಂದೆ ಅವಿತುಕೊಳ್ಳಬೇಕು. ಉಸಿರೆತ್ತಬಾರದು. ಬಂದವರು ಕಣ್ಣಿಗೆ ಕಾಣುತ್ತಿರುವಷ್ಟು ಹೊತ್ತೂ ಅಮ್ಮನೇ ಕರೆದರೂ ಹೊರಗೆ ಬರಬಾರದು. ಎರಡು ದಿನ ಅಭ್ಯಾಸ ಮಾಡಿಸಿದಳು. ಅವನು ಬೇಗ ಕಲಿತ ಪಾಠ ಅದೊಂದೇ. ಕಲಿತ ದಿನ "ಗುಡ್" ಎಂದು ಬೆನ್ನು ತಟ್ಟಿದ್ದಳು ಕೂಡ.

ಫೆಬ್ರವರಿಯ ಒಂದು ಗುರುವಾರ, ಹನ್ನೊಂದು ಗಂಟೆ. ಬೇಲಿಯಾಚೆ ಮರುಳಪ್ಪನ ಕೆಮ್ಮು ಕೇಳಿಸಿತು. ಇವಳು ತಿರುಗುವಷ್ಟರಲ್ಲಿ ಹುಡುಗ ಮಾಯ. ಮುದುಕ ಬಂದು ಕಾಲುವೆಯ ಕಲ್ಲಿನ ಮೇಲೆ ಕೂತು, ನೀರಿನ ಸುದ್ದಿ, ನುಸಿ ಬಿದ್ದ ಕಾಯಿಯ ಸುದ್ದಿ ಎಲ್ಲ ತೆಗೆದ.

"ಮಗ ಹೆಂಗೋದ್ತಾನವ್ವ?"

"ಫಸ್ಟ್ ಬತ್ತಾನೆ ಮಾವ."

"ಬರ್ಲಿ ಬುಡು, ಒಳ್ಳೇದು" ಎಂದು ಕಾಲು ಗಂಟೆಯ ಮೇಲೆ ಎದ್ದು ತನ್ನ ತೋಟಕ್ಕೆ ಹೋಗಿ ಪಾತಿ ಮಾಡತೊಡಗಿದ.

ಜ್ಯೋತಿಲಕ್ಷ್ಮಿ ಮೆಲ್ಲಗೆ ಕರೆದಳು. ರಾಶಿಯ ಹಿಂದೆ ನೋಡಿದಳು, ಇಲ್ಲ. ಬಾಳೆಯ ಬುಡ, ಗೊಬ್ಬರದ ಗುಂಡಿ, ಎಲ್ಲೂ ಇಲ್ಲ. ಮರುಳಪ್ಪನ ತೋಟದಲ್ಲಿ ಕೃಷಿ ಹೊಂಡ ಇದೆ, ಅದಕ್ಕೆ ಬೇಲಿಯಿಲ್ಲ. ಅದು ನೆನಪಾಗಿ ಅವಳು ಬೇಲಿಯ ಹತ್ತಿರಕ್ಕೆ ಬಂದಳು. ಬಗ್ಗಿ ಬಗ್ಗಿ ನೋಡುತ್ತಿದ್ದವಳನ್ನು ಕಂಡು ಮುದುಕ ಅಲ್ಲಿಂದಲೇ ಕೇಳಿದ, "ಏನವ್ವ ಹುಡುಕ್ತಿದೀಯ?"

"ಕುಡ್ಲು ಮಾವ" ಎಂದಿತು ಅವಳ ಬಾಯಿ. "ಎಲ್ಲಿಟ್ನೋ ಏನೋ."

ಕುಡುಗೋಲು ಮೋಟರ್ ಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಮರುಳಪ್ಪ ಒಳ್ಳೆಯವನು, ಗುದ್ದಲಿ ಬಿಟ್ಟು ಬಂದು ತಾನೂ ಹುಡುಕಲು ನಿಂತ. ಹೆತ್ತ ಮಗ ಕಾಣುತ್ತಿಲ್ಲ, ಅವಳು ಮುದುಕನ ಜೊತೆ ಗರಿ ಸರಿಸಿ ಸರಿಸಿ ಕುಡುಗೋಲು ಹುಡುಕುತ್ತಿದ್ದಾಳೆ. ಎಷ್ಟು ಹೊತ್ತು? ಹತ್ತು ನಿಮಿಷವೋ, ಹದಿನೈದೋ. ಈಗಲೂ ಆ ಲೆಕ್ಕ ಹಾಕಲು ಅವಳಿಗೆ ಧೈರ್ಯವಿಲ್ಲ.

"ಹೊಂಡದ ತಾವೇನಾರ ಬಿಟ್ಟಿದೀಯೇನೋ, ನೋಡನ ಬಾ" ಎಂದ ಮರುಳಪ್ಪ.

ಅಲ್ಲಿಗೆ ಅವಳ ಕಟ್ಟೆ ಒಡೆಯಿತು. "ಕುಡ್ಲಲ್ಲ ಮಾವ, ಮಗ. ಉಜ್ವಲ ಇಲ್ಲೇ ಇದ್ದ. ಅವ್ನು ಸ್ಕೂಲ್ಗೋಗ್ತಿಲ್ಲ, ನಾಕ್ ತಿಂಗ್ಳಾಯ್ತು. ನಾನೇ ಇಲ್ಲಿ ಬಚ್ಚಿಟ್ಕೊಂಡು ಹೇಳ್ಕೊಡ್ತಿದ್ದೆ. ಈಗ ಕಾಣ್ತಿಲ್ಲ."

ಮುದುಕ ಯಾಕೆ, ಏನು ಎಂದು ಒಂದು ಮಾತು ಕೇಳಲಿಲ್ಲ. ಹೊಂಡದ ಕಡೆ ಓಡಿದ, ನೀರು ಅಲುಗಿಲ್ಲ ಎಂದು ಕೂಗಿ ಹೇಳಿದ, ವಾಪಸ್ಸು ಬಂದು ಮಟ್ಟೆಯ ರಾಶಿಗೇ ಕೈ ಹಾಕಿ ಎಳೆಯತೊಡಗಿದ. ನಾಲ್ಕನೇ ತೆಕ್ಕೆಗೆ ನೀಲಿ ಬಣ್ಣ ಕಂಡಿತು. ಹುಡುಗ ರಾಶಿಯ ಒಳಗೇ ಪೊಟರೆ ಮಾಡಿಕೊಂಡು ಮುದುರಿ ಕೂತಿದ್ದ. ಟೈಯನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡಿದ್ದ. ಮೈಯೆಲ್ಲ ಬೆವರು. ಮಂಡಿಯ ಕೆಳಗೆ ಊದಿ ಕೆಂಪಾಗಿತ್ತು. ಎಳೆದ ಮಟ್ಟೆಯ ಕೆಳಗಿಂದ ಕರಿಚೇಳು ಹರಿದು ಹೋಯಿತು.

ಟೈ ತೆಗೆದರೂ ಅವನು ಅಳಲಿಲ್ಲ. ಮೊದಲು ಮರುಳಪ್ಪನನ್ನು ನೋಡಿದ, ಆಮೇಲೆ ಇವಳನ್ನು. "ಸಾರಿ ಮಿಸ್" ಎಂದ.

"ಕರೆದ್ನಲ್ಲೋ, ಯಾಕ್ ಬರ್ಲಿಲ್ಲ?"

"ತಾತ ಕಾಣ್ತಿದ್ರು. ನೀನು ಕುಡ್ಲು ಹುಡುಕ್ತಿದ್ದೆ."

ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡುತ್ತೇನೆ ಎನ್ನುತ್ತಾರಲ್ಲ, ಆ ಗಳಿಗೆಯಲ್ಲಿ ಅವಳಿಗೆ ಹಾಗೆ ಹೋಗುವ ಯೋಗ್ಯತೆಯೂ ತನಗಿಲ್ಲ ಎನಿಸಿತು. ಮಗನನ್ನು ಎತ್ತಿಕೊಂಡು ರಸ್ತೆಗೆ ಓಡಿದಳು.

ಫೋನು ಹೋದ ಕೂಡಲೇ ಮೋಹನ್ ಆಟೋ ತಂದ. ತಿಪಟೂರಿನ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು, ಡ್ರಿಪ್ ಹಾಕಿ, ಜೀವಕ್ಕೇನೂ ಭಯವಿಲ್ಲ, ಸಂಜೆಯ ತನಕ ಇರಲಿ ಎಂದರು. ಚೀಟಿ ಬರೆಯುತ್ತಿದ್ದ ನರ್ಸಮ್ಮ ಯೂನಿಫಾರ್ಮು ನೋಡಿ, "ಯಾವ ಸ್ಕೂಲು?" ಎಂದು ಕೇಳಿದಳು. ಮೋಹನ್ ಗೋಡೆ ನೋಡಿದ. ಪಕ್ಕದ ಮಂಚದಲ್ಲಿ ಊರಿನವರೇ ಇದ್ದರು.

"ಯಾವ್ ಸ್ಕೂಲೂ ಇಲ್ಲ. ಮನೇಲಿ ನಾನೇ ಹೇಳ್ಕೊಡೋದು" ಎಂದಳು ಜ್ಯೋತಿಲಕ್ಷ್ಮಿ, ಎಲ್ಲರಿಗೂ ಕೇಳುವ ಹಾಗೆ.

"ಹೌದಾ. ತೂಕ ಎಷ್ಟು?" ಎಂದಳು ನರ್ಸಮ್ಮ. ನಾಲ್ಕು ತಿಂಗಳು ಮಗನನ್ನು ಬೇಲಿ ಸಂದಿಯಲ್ಲಿ ನುಸುಳಿಸಿದ್ದು ಇಷ್ಟರ ಸಲುವಾಗಿ.

ಊರು ಸುಮ್ಮನಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಮೋಟರ್ ಮನೆ ಮಿಸ್ಸು ಎಂದು ಹೆಸರಿಟ್ಟಿತು. ಡೇರಿಯ ಮುಂದೆ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಅವಳು ಹಾಲು ಅಳೆಸಿ, ತಲೆ ತಗ್ಗಿಸಿಕೊಂಡು ಬಂದಳು. ಗರಿಕಡ್ಡಿಯನ್ನು ಒಲೆಗೆ ಹಾಕಿದಳು, ಟೈಂಟೇಬಲ್ಲನ್ನೂ ಹಾಕಿದಳು. ಪಾಠವನ್ನು ಮನೆಯ ಮುಂದಿನ ಜಗುಲಿಗೆ ತಂದಳು, ಹೋಗುವವರು ಬರುವವರು ನೋಡಲಿ ಎಂದು. ಉಜ್ವಲ ಚಡ್ಡಿ ಬನಿಯನ್ನಿನಲ್ಲಿ ಕೂತು, ಅಪ್ಪನ ಆಟೋದ ಮೇಲೆ ಬರೆದದ್ದನ್ನು, ರಸಗೊಬ್ಬರದ ಚೀಲದ ಮೇಲಿನದನ್ನು, ಒಂದೊಂದೇ ಕೂಡಿಸಿ ಓದುತ್ತಿದ್ದ. ಪರವಾಗಿಲ್ಲ, ಮಗು ಸರಿಹೋಗುತ್ತಿದೆ ಎಂದುಕೊಂಡಳು.

ಅದರ ಮರುವಾರ ಮರುಳಪ್ಪ ಎಮ್ಮೆ ಹೊಡೆದುಕೊಂಡು ಬಂದವನು ಜಗುಲಿಯ ಮುಂದೆ ನಿಂತ. "ಏನ್ಲಾ ಉಜ್ವಲ, ಕಾಲು ಹೆಂಗೈತ್ಲಾ?"

ಜಗುಲಿಯ ಮೇಲೆ ಸ್ಲೇಟು ಮಾತ್ರ ಇತ್ತು. ಬಳಪ ಇನ್ನೂ ಉರುಳುತ್ತಿತ್ತು.

"ಬಾರೋ, ತಾತ ಕಣೋ" ಎಂದು ಅವಳು ಕರೆದಳು. ಬಾಗಿಲ ಹಿಂದೆ ಉಸಿರಿನ ಸದ್ದೂ ಇಲ್ಲ. ಮತ್ತೆ ಕರೆದಳು. ಮುದುಕ ಅವಳ ಮುಖ ನೋಡಿದ, ಬಾಗಿಲು ನೋಡಿದ. "ನಾನು ಹೊಂಟೆ ಕಣಪ್ಪ" ಎಂದು ಒಳಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿ ಎಮ್ಮೆಯ ಹಿಂದೆ ಹೋದ.

ಅವನು ಬೀದಿಯ ಕೊನೆ ತಿರುಗಿದ ಮೇಲೆ ಹುಡುಗ ಹೊರಗೆ ಬಂದ. ಬಳಪ ಹುಡುಕಿ ತೆಗೆದುಕೊಂಡು, ಕಾಲು ಮಡಿಸಿ ಕೂತು, ಪಿಸುಮಾತಿನಲ್ಲಿ ಕೇಳಿದ:

"ಚೆನ್ನಾಗಿ ಅವಿತ್ಕೊಂಡ್ನಾ ಮಿಸ್?"