ಹಾಜರಿಯಲ್ಲಿ ಕೆಂಪಮ್ಮ

ಹಾಜರಿ ಪುಸ್ತಕದ ಕೊನೆಯ ಹೆಸರು ಮುಗಿದ ಮೇಲೂ ಪುಟ್ಟಸ್ವಾಮಿ ಮೇಷ್ಟ್ರು ಪುಸ್ತಕ ಮುಚ್ಚುತ್ತಿರಲಿಲ್ಲ. ಕನ್ನಡಕವನ್ನು ಹಣೆಗೇರಿಸಿ, "ಕೆಂಪಮ್ಮ?" ಎಂದು ಕೂಗುತ್ತಿದ್ದರು. ಇಡೀ ಕ್ಲಾಸು ಒಟ್ಟಿಗೆ, "ಬಂದವ್ಳೆ ಸಾ!" ಎನ್ನುತ್ತಿತ್ತು. ಕೆಂಪಮ್ಮ ಎಂಬ ಹುಡುಗಿ ನಮ್ಮ ಟಿ. ನರಸೀಪುರದ ಕಾಲೇಜಿನಲ್ಲೇ ಇರಲಿಲ್ಲ.

ಆಕೆ ಮೇಷ್ಟ್ರು ಕಟ್ಟಿದ ಕಥೆಯ ಹೆಂಗಸು. ನಂಜನಗೂಡಿನ ಬಸ್ ಸ್ಟ್ಯಾಂಡ್ ಹಿಂದೆ ಇಡ್ಲಿ ಅಂಗಡಿ ಇಟ್ಟುಕೊಂಡವಳು. ಮ್ಯಾನೇಜ್‌ಮೆಂಟ್ ಪಾಠವನ್ನೆಲ್ಲ ಮೇಷ್ಟ್ರು ಅವಳ ತಲೆಯ ಮೇಲೇ ಹೊರಿಸುತ್ತಿದ್ದರು. ಎದುರಿಗೆ ಇನ್ನೊಂದು ಹೋಟೆಲು ಬಂದರೆ ಸ್ಪರ್ಧೆಯ ಪಾಠ. ಚಟ್ನಿ ರುಬ್ಬುವವಳು ಮುನಿಸಿಕೊಂಡು ಹೋದರೆ ಸಿಬ್ಬಂದಿ ನಿರ್ವಹಣೆ. "ಈಗ ಕೆಂಪಮ್ಮ ಏನ್ಮಾಡ್ಬೇಕು? ಯೋಳ್ರಪ್ಪ, ಬಾಯಲ್ಲೇನ್ ಕಡುಬು ಇಟ್ಕಂಡಿದ್ದೀರಾ?" ಎಂದು ಗದರುವರು. ಏನೇ ಬರಲಿ, ಗಂಟೆ ಹೊಡೆಯುವಷ್ಟರಲ್ಲಿ ಕೆಂಪಮ್ಮ ಹೇಗೋ ಗೆದ್ದು, ಮಾರನೆಯ ಬೆಳಿಗ್ಗೆ ಮತ್ತೆ ಒಲೆ ಹಚ್ಚುತ್ತಿದ್ದಳು. ಒಮ್ಮೆ ನಾನೂ ಗೆಳತಿ ಸವಿತಾಳೂ ಕ್ಲಾಸು ತಪ್ಪಿಸಿ ನಂಜನಗೂಡಿಗೆ ಹೋಗಿ ಆ ಅಂಗಡಿಯನ್ನು ಹುಡುಕಿದ್ದೆವು, ಪೆದ್ದುಮುಂಡೇವು! ವಿಷಯ ತಿಳಿದು ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಸಿಕ್ಕುದ್ರೆ ನಂಗೂ ಯೋಳಿ ಕಣ್ರವ್ವ, ಒಂದ್ ಪ್ಲೇಟ್ ತಿಂದ್ಕಂಡ್ ಬತ್ತೀನಿ."

ನಾನು ಮಾತ್ರ ಕೆಂಪಮ್ಮನನ್ನು ಬಿಡಲಿಲ್ಲ. ಓದು ಮುಗಿದ ಮೇಲೆ ನಂಜನಗೂಡಿನಲ್ಲಿ ದೋಸೆ ಹಿಟ್ಟಿನ ಅಂಗಡಿ ತೆರೆದೆ. ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ದೊಡ್ಡ ಕಂಪನಿಯ ಪ್ಯಾಕೆಟ್ಟುಗಳು ಎಲ್ಲ ಅಂಗಡಿಗಳ ಫ್ರಿಜ್ಜಿಗೂ ಬಂದು ಕೂತವು. ನನ್ನ ಹಿಟ್ಟು ಹುಳಿಯಾಗಿ, ಪ್ಯಾಕೆಟ್ಟು ಉಬ್ಬಿ ವಾಪಸು ಬರತೊಡಗಿತು. ದಿನವೂ ಬಕೆಟ್ಟುಗಟ್ಟಲೆ ಚರಂಡಿಗೆ ಸುರಿದೆ. ಮನೆಯವರೆಲ್ಲ ಬಿಟ್ಟುಬಿಡು ಎಂದರು. ಕೆಂಪಮ್ಮ ಬಿಟ್ಟಿದ್ದಳೇ? ಮತ್ತೆ ಅಕ್ಕಿ ನೆನೆಹಾಕಿದೆ. ಊಟ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ.

ಕೊನೆಗೆ ಒಂದು ದಿನ ನರಸೀಪುರದ ಮೇಷ್ಟ್ರ ಮನೆಗೆ ಹೋಗಿ, ಜಗಲಿಯಲ್ಲೇ ಕೂಗಾಡಿಬಿಟ್ಟೆ. "ಕೆಂಪಮ್ಮ ಈಗ ಏನ್ಮಾಡ್ತಾಳೆ ಯೋಳಿ ಸಾ! ನಿಮ್ ಕಥೆ ನಂಬ್ಕಂಡು ನಾನ್ ಸಾಯ್ತಾ ಇವ್ನಿ!"

ನಿವೃತ್ತರಾಗಿ ಬಡಕಲಾಗಿದ್ದ ಮೇಷ್ಟ್ರು ಪಕ್ಕಕ್ಕೆ ಸರಿದು ನನ್ನನ್ನು ಕೂರಿಸಿಕೊಂಡರು. "ನಾನು ಜೀವ್ಮಾನದಲ್ಲಿ ಒಂದ್ ಬೆಂಕಿಪೊಟ್ಣಾನೂ ಮಾರ್ದೋನಲ್ಲ ಕಣವ್ವ. ಅಂಗ್ಡಿ ಮುಚ್ಚೋ ಪಾಠಾನೂ ಸಿಲಬಸ್‌ನಲ್ಲಿತ್ತು. ನಿಮ್ ಮೊಕ ನೋಡ್ದಾಗ ಮಾಡಕ್ ಮನಸ್ ಬರ್ನಿಲ್ಲ. ತಪ್ಪಾಯ್ತು. ನಾಳೆ ಬತ್ತೀನಿ, ಆ ಪಾಠ ಮಾಡ್ತೀನಿ."

ಬಂದರು. ಏದುಸಿರು ಬಿಡುತ್ತ ಬಸ್ಸಿಳಿದು ಬಂದು, ಪಂಚೆ ಎತ್ತಿ ಕಟ್ಟಿ, ನನ್ನ ಜೊತೆ ಗ್ರೈಂಡರಿನ ಕಲ್ಲು ತೊಳೆದರು. "ಕೆಂಪಮ್ಮ ಇವತ್ತು ಅಂಗ್ಡಿ ಮುಚ್ಚುದ್ಲು," ಎಂದು ಕ್ಲಾಸಿನ ದನಿಯಲ್ಲೇ ಶುರುಮಾಡಿದರು. "ಸೋತ್ಲು. ಸತ್ತೋಗ್ನಿಲ್ಲ. ಮನೇಗೋಗಿ ಉಂಡು ಮನೀಕಂಡ್ಳು. ಬರ್ಕೊಳವ್ವ." ನನಗೆ ಅಳು ತಡೆಯಲಾಗಲಿಲ್ಲ. ಇಬ್ಬರೂ ಸೇರಿ ಷಟರ್ ಎಳೆದೆವು.

ಬಸ್ಸು ಹತ್ತುವ ಮುನ್ನ ಮೇಷ್ಟ್ರು ತಿರುಗಿ, ಕನ್ನಡಕ ಹಣೆಗೇರಿಸಿ, "ಕೆಂಪಮ್ಮ?" ಎಂದರು. ನಾನು ಹಾಜರಿ ಹೇಳದೆ ಅವರನ್ನು ಕೈಹಿಡಿದು ಬಸ್ಸು ಹತ್ತಿಸಿದೆ.

ಮೂರು ತಿಂಗಳಿಗೆ ಅವರು ಹೋದ ಸುದ್ದಿ ಬಂತು. ಅಷ್ಟರಲ್ಲಿ ನಾನು ಉಂಡು ಮಲಗುವುದನ್ನು ಕಲಿತಿದ್ದೆ. ಅದನ್ನು ಅವರಿಗೆ ಹೇಳಲು ಹೋಗಿರಲಿಲ್ಲ. ನರಸೀಪುರಕ್ಕೆ ಹೋದಾಗ ಅವರನ್ನು ಅಂಗಳದಲ್ಲಿ ಮಲಗಿಸಿದ್ದರು. ಕಾಲು ಮುಟ್ಟಿ, ಸುತ್ತಲಿದ್ದ ಜನರನ್ನೂ ಮರೆತು, "ಬಂದವ್ಳೆ ಸಾ" ಎಂದೆ.