ಸುಮಾ ಎತ್ತಿದ ಕೆಂಪು ಬಾವುಟ

ಮೂವತ್ತೈದು ಕೆಜಿಯ ಬಾರ್ ನನ್ನ ತಲೆಯ ಮೇಲಿತ್ತು. ಇಳಿಸಲು ಹೇಳುವವರೆಗೆ ಹಿಡಿದು ನಿಂತೆ. ಹಾನಗಲ್ಲಿನಲ್ಲಿ ನಡೆದ ಹಿರಿಯ ಮಹಿಳೆಯರ ಭಾರ ಎತ್ತುವ ಸ್ಪರ್ಧೆಯಲ್ಲಿ ಅದು ನನ್ನ ಮೂರನೆಯ, ಕೊನೆಯ ಅವಕಾಶ. ಮೊದಲ ಎರಡೂ ಕೈತಪ್ಪಿದ್ದವು. ಮೊಣಕಾಲು ನೋವಿಗೆಂದು ಜಿಮ್ ಸೇರಿದ ನನಗೆ ಐವತ್ತಾರನೆಯ ವಯಸ್ಸಿನಲ್ಲಿ ಈ ಹುಚ್ಚು ಹಿಡಿದಿತ್ತು. ಎರಡು ವರ್ಷ ಬಿಡದೆ ಅಭ್ಯಾಸ ಮಾಡಿದ್ದೆ.

ಮೂವರು ತೀರ್ಪುಗಾರರಲ್ಲಿ ಒಬ್ಬರು ಬಿಳಿ ಬಾವುಟ ಎತ್ತಿದರು, ಇನ್ನೊಬ್ಬರು ಕೆಂಪು. ಮೂರನೆಯವಳು ಸುಮಾ, ಶಿಗ್ಗಾಂವಿಯ ಶಾಲೆಯಲ್ಲಿ ನನ್ನ ಹತ್ತಿರ ಗಣಿತ ಕಲಿತವಳು. ಒಂದು ಕ್ಷಣ ನನ್ನನ್ನೇ ನೋಡಿ, ಕೆಂಪು ಬಾವುಟ ಎತ್ತಿದಳು. ಎರಡು ಕೆಂಪು ಬಿದ್ದ ಮೇಲೆ ಆ ಅವಕಾಶವೂ ಹೋಯಿತು; ನಾನು ವೇದಿಕೆ ಇಳಿದೆ.

ಸ್ಪರ್ಧೆ ಮುಗಿದ ಮೇಲೆ ಅವಳೇ ಹುಡುಕಿಕೊಂಡು ಬಂದಳು. ಕಣ್ಣು ತುಂಬಿದ್ದವು.

"ಬಾರ್ ಮ್ಯಾಲೆ ಹೋದಮ್ಯಾಲೆ ನಿಮ್ಮ ಎಡ ಮೊಣಕೈ ಬಗ್ಗಿತ್ತರಿ ಅಕ್ಕೋರ. ನಾ ಹ್ಯಾಂಗ ಬಿಳೀದು ಎತ್ತಲಿ? ಸಿಟ್ಟಾಗಬ್ಯಾಡ್ರಿ."

ಹಾಗೆ ಬಗ್ಗಿದರೆ ಎತ್ತಿದ್ದು ಲೆಕ್ಕಕ್ಕಿಲ್ಲ. ಬಗ್ಗಿದ್ದು ನನಗೂ ಗೊತ್ತಾಗಿತ್ತು. ಯಾರೂ ನೋಡಿರಲಿಕ್ಕಿಲ್ಲ ಎಂದುಕೊಂಡಿದ್ದೆ.

"ಅರ್ಧ ಮಾರ್ಕ್ಸ್ ಕಡಿಮಿ ಕೊಟ್ಟು ನಿನ್ನ ಎಷ್ಟು ಸಲ ಅಳಿಸೇನಿ ನಾ. ಸಿಟ್ಟ್ಯಾಕವಾ?" ಎಂದೆ. ಅವಳು ಅಳುತ್ತಲೇ ನಕ್ಕಳು.

ಮನೆಗೆ ಬಂದಾಗ ಪದಕ ಎಲ್ಲಿ ಎಂದು ಯಜಮಾನರು ಕೇಳಿದರು. ಸಿಗಲಿಲ್ಲ ಎಂದೆ. ಊಟಕ್ಕೆ ಕುಳಿತು ಸುಮಾಳ ವಿಷಯ ಹೇಳತೊಡಗಿದೆ. ತಟ್ಟೆಯಲ್ಲಿನ ಅನ್ನ ಆರಿ ತಣ್ಣಗಾದರೂ ನನ್ನ ಮಾತು ಮುಗಿದಿರಲಿಲ್ಲ.