ಗೌರಕ್ಕನ ಹೆಸರಿನ ಮೇಲಿನ ಕೆಂಪು ಗೆರೆ

ಇಂಕಿನ ಮಾತ್ರೆ ನೀರಿನಲ್ಲಿ ಕರಗುವಾಗ ಬರುವ ವಾಸನೆ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ತುಕ್ಕು ಹಿಡಿದ ಕಬ್ಬಿಣವನ್ನು ಹುಳಿಯಲ್ಲಿ ನೆನೆಹಾಕಿದಂಥ ವಾಸನೆ. ಮೊನ್ನೆ ಮೊಮ್ಮಗಳು ಎಲ್ಲಿಂದಲೋ ತಂದ ಹಳೆಯ ಶಾಯಿ ಬಾಟಲಿಯ ಬಿರಡೆ ತೆಗೆದಾಗ ಅದೇ ವಾಸನೆ ಬಂತು. ಹನಗೋಡಿನಾಚೆ ಲಕ್ಷ್ಮಣತೀರ್ಥದ ದಂಡೆಯಲ್ಲಿದ್ದ ನಮ್ಮ ಮನೆಯ ಪಡಸಾಲೆ ಕಣ್ಣಿಗೆ ಕಟ್ಟಿತು. ಅಲ್ಲಿ ಕಂಬಕ್ಕೊರಗಿ ಕೂತು, ತೆಂಗಿನ ಕರಟದಲ್ಲಿ ಶಾಯಿ ಕಲಸುತ್ತಿದ್ದವಳು ನನ್ನ ಗೌರಕ್ಕ. ಅವಳ ಬೆರಳ ತುದಿಗಳು ಯಾವಾಗಲೂ ನೀಲಿ. ಆ ಬೆರಳಿನಲ್ಲೇ ಮುದ್ದೆ ಮುರಿಯುತ್ತಾಳೆಂದು ಅವ್ವ ಬೈಯುತ್ತಿದ್ದಳು.

ಐವತ್ತರ ದಶಕದ ಮಾತು. ಅವಳಿಗೆ ಹನ್ನೊಂದು, ನನಗೆ ಎಂಟು. ಆ ವರ್ಷ ಅವ್ವನಿಗೆ ಹೆತ್ತ ಮಗು ಉಳಿಯಲಿಲ್ಲ, ಅವಳೂ ಜ್ವರದಲ್ಲಿ ಮಲಗಿಬಿಟ್ಟಳು. ಗೌರಕ್ಕ ಒಂದೂವರೆ ತಿಂಗಳು ಶಾಲೆ ಬಿಟ್ಟು ಒಲೆಯ ಮುಂದೆ ಕೂತಳು. ಅವ್ವ ಗಂಜಿ ಕುಡಿಯುವಷ್ಟಾದ ಮೇಲೆ ಒಂದು ಬೆಳಗ್ಗೆ ತಲೆ ಬಾಚಿಕೊಂಡು ನನ್ನ ಜೊತೆ ಶಾಲೆಗೆ ಹೊರಟಳು. ಹೆಡ್‌ಮಾಸ್ಟರು ದಾಖಲಾತಿ ರಿಜಿಸ್ಟರ್ ತೆರೆದು ತೋರಿಸಿದರು. ಅವಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದಿತ್ತು. ಹೇಳದೆ ಕೇಳದೆ ಬಿಟ್ಟವರಿಗೆ ಇಲ್ಲಿ ಜಾಗವಿಲ್ಲ ಎಂದು ಹೇಳಿ ಅವರು ಹೊರಗೆ ಹೋದರು. ಗೌರಕ್ಕ ಆ ಪುಟವನ್ನೇ ನೋಡುತ್ತ ನಿಂತಳು. ಆಮೇಲೆ ಮೇಜಿನ ಮೇಲಿದ್ದ ಶಾಯಿ ದೌತಿಯನ್ನೆತ್ತಿ ಅದರ ಮೇಲೆ ಬಗ್ಗಿಸಿದಳು.

ಸರ್ಕಾರಿ ದಾಖಲೆ ಹಾಳುಮಾಡಿದಳೆಂದು ಹೆಡ್‌ಮಾಸ್ಟರು ಪೊಲೀಸರಿಗೆ ದೂರು ಕೊಟ್ಟರು. ಹೊಲದಲ್ಲಿದ್ದ ಅಪ್ಪನಿಗೆ ಸುದ್ದಿ ಮುಟ್ಟುವಷ್ಟರಲ್ಲಿ ದಫೇದಾರನೊಬ್ಬ ಅವಳನ್ನು ಗಾಡಿ ಹತ್ತಿಸಿಕೊಂಡು ಹುಣಸೂರಿಗೆ ಹೋಗಿಯಾಗಿತ್ತು. ಅಪ್ಪ ಕೈಯ ಮಣ್ಣನ್ನೂ ತೊಳೆಯದೆ ಓಡಿದ. ಠಾಣೆಯಲ್ಲಿ ಅವಳನ್ನು ಮಾತಾಡಿಸಲೂ ಬಿಡಲಿಲ್ಲವಂತೆ.

ಮಾರನೆಯ ದಿನ ಕೋರ್ಟಿಗೆ ನನ್ನನ್ನೂ ಕರೆದೊಯ್ದರು, ಕಣ್ಣಾರೆ ಕಂಡವಳು ನಾನೊಬ್ಬಳೇ ಎಂದು. ಹನ್ನೆರಡು ತುಂಬದ ಮಗುವಾದರೆ, ಮಾಡಿದ್ದರ ಅರ್ಥ ಅದಕ್ಕೆ ತಿಳಿದಿತ್ತೇ ಎಂದು ಕಾನೂನು ಮೊದಲು ನೋಡಬೇಕು ಎಂದು ವಕೀಲರೊಬ್ಬರು ಅಪ್ಪನಿಗೆ ಹೇಳಿದ್ದರು. ಆದರೆ ಹೆಡ್‌ಮಾಸ್ಟರು ಅವಳಿಗೆ ಹದಿಮೂರು ಎಂದುಬಿಟ್ಟರು. ಅಪ್ಪನಿಗೆ ತಾರೀಖು ಗೊತ್ತಿರಲಿಲ್ಲ. ಹೊಳೆ ಉಕ್ಕಿ ಗದ್ದೆ ಕೊಚ್ಚಿಹೋದ ವರ್ಷ ಹುಟ್ಟಿದ್ದು ಎಂಬುದನ್ನೇ ಮೂರು ಸಲ ಹೇಳಿದ. ಬರವಣಿಗೆಯಲ್ಲಿ ಇದ್ದದ್ದು ಆ ರಿಜಿಸ್ಟರ್‌ನಲ್ಲಿ ಮಾತ್ರ, ಅದೋ ಶಾಯಿಯಲ್ಲಿ ಮುಳುಗಿತ್ತು. ಮ್ಯಾಜಿಸ್ಟ್ರೇಟರು ಆ ಹಾಳೆಯನ್ನು ಕಿಟಕಿಯ ಬಿಸಿಲಿಗೆ ಹಿಡಿದು ತುಂಬ ಹೊತ್ತು ನೋಡಿದರು. ಕೊನೆಗೆ, ಶಾಯಿಯಡಿ ಕಂಡ ಹುಟ್ಟಿದ ತಾರೀಖನ್ನು ಲೆಕ್ಕಹಾಕಿ, ಹನ್ನೊಂದು ವರ್ಷ ಎರಡು ತಿಂಗಳು ಎಂದರು. ಆಮೇಲೆ, ಯಾಕಮ್ಮ ಚೆಲ್ಲಿದೆ ಎಂದು ಅವಳನ್ನೇ ಕೇಳಿದರು.

“ಕೆಂಪು ಗೆರೆ ಮುಚ್ಚೋದ್ರೆ ನನ್ನೆಸ್ರು ಅಂಗೇ ಉಳೀತದೆ ಅನ್ಕಂಡೆ, ಸ್ವಾಮಿ.”

ಶಾಲೆಯಲ್ಲೇ ತಿದ್ದಬೇಕಾದ ಮಗುವನ್ನು ತಂದೆಗೂ ತಿಳಿಸದೆ ಠಾಣೆಗೆ ತಂದದ್ದಕ್ಕೆ ಮ್ಯಾಜಿಸ್ಟ್ರೇಟರು ದಫೇದಾರನಿಗೂ ಹೆಡ್‌ಮಾಸ್ಟರಿಗೂ ಛೀಮಾರಿ ಹಾಕಿ ಕೇಸು ವಜಾ ಮಾಡಿದರು. ಊರಿಗೆ ಬರುವ ದಾರಿಯುದ್ದಕ್ಕೂ ಗೌರಕ್ಕ, ನಾಳೆಯೇ ಶಾಲೆಗೆ ಹೋಗಲೇ ಎಂದು ಅಪ್ಪನನ್ನು ಕೇಳುತ್ತಿದ್ದಳು.

ಅಪ್ಪ ಮಾರನೆಯ ದಿನವೇ ಕರೆದುಕೊಂಡು ಹೋದ. ಹೆಡ್‌ಮಾಸ್ಟರು ಕುರ್ಚಿಯಿಂದ ಏಳಲಿಲ್ಲ.

“ಕೋರ್ಟಿನವರು ಕೇಸು ಬಿಟ್ಟಿದ್ದಾರೆ, ಅಷ್ಟೆ. ಶಾಲೆಗೆ ಸೇರಿಸ್ಕೊಳ್ಳಿ ಅಂತ ಎಲ್ಲೂ ಬರೆದಿಲ್ಲವಲ್ಲ, ಶಿವಲಿಂಗಪ್ಪನವರೇ.”

ಅಪ್ಪ ಅವರ ಕಾಲು ಹಿಡಿದುಕೊಂಡ. ಮಗಳೆದುರಿಗೇ. ಆಮೇಲೆ ವಕೀಲರ ಬಳಿಗೂ ಹೋಗಿಬಂದ. ಪೊಲೀಸರನ್ನು ತಡೆಯುವುದಕ್ಕೆ ಕಾನೂನುಂಟು, ಮೇಷ್ಟರ ಮನಸ್ಸು ತಿರುಗಿಸುವುದಕ್ಕೆ ತಮ್ಮಲ್ಲಿ ಏನೂ ಇಲ್ಲ ಎಂದರಂತೆ ಅವರು. ನಡೆದು ಹೋಗುವಷ್ಟು ದೂರದಲ್ಲಿ ಬೇರೆ ಶಾಲೆ ಇರಲಿಲ್ಲ. ಊರಿನಲ್ಲಿ ಅವಳು ಠಾಣೆ ಕಂಡು ಬಂದ ಹುಡುಗಿಯಾದಳು. ಹದಿನೈದಕ್ಕೆ ಬೆಟ್ಟದಪುರದ ಕಡೆಗೆ ಮದುವೆ ಮಾಡಿ ಕಳಿಸಿದರು. ನಾನು ಅದೇ ಶಾಲೆಯಲ್ಲಿ ಓದಿ ಮುಂದೆ ಹೋದೆ.

ಅಪ್ಪ ಹೋದ, ಅವ್ವ ಹೋದಳು. ಆ ಪಡಸಾಲೆಯಿದ್ದ ಜಾಗದಲ್ಲಿ ಈಗ ಯಾರೋ ಶುಂಠಿ ಬೆಳೆಯುತ್ತಾರೆ. ನಾನೇನು ಓದಿದೆ ಎಂದು ಗೌರಕ್ಕ ಎಂದೂ ಕೇಳಿದವಳಲ್ಲ. ಆ ದಿನದ ಮಾತೆತ್ತಿದ್ದೂ ಒಂದೇ ಸಲ. ಇಬ್ಬರಿಗೂ ತಲೆ ನರೆತಿತ್ತು. ಅವಳ ಅಂಗಳದಲ್ಲಿ ಕೂತು ಹೊಗೆಸೊಪ್ಪಿನ ಎಲೆಗಳನ್ನು ಕೋಲಿಗೆ ಕಟ್ಟುತ್ತಿದ್ದಾಗ, ತಲೆಯೆತ್ತದೆ ಹೇಳಿದಳು:

“ಅವತ್ತು ನಾವಿಬ್ರೇ ಓಗ್ಬಾರ್ದಿತ್ತು ಕಣವ್ವ. ಅವ್ವುನ್ನ ಕರ್ಕೊಂಡೋಗಿದ್ರೆ ಸೇರ್ಸ್ಕೊತಿದ್ರೇನೋ.”

ಅವ್ವನಿಗೆ ಅವತ್ತು ಬಾಗಿಲವರೆಗೂ ನಡೆಯುವ ತ್ರಾಣವಿರಲಿಲ್ಲ. ನಾನು ಒಂದೊಂದೇ ಎಲೆ ಅವಳ ಕೈಗೆ ಕೊಡುತ್ತ ಕೂತೆ.